ದೇವರು ನೋಡುತ್ತಿಲ್ಲ ಎಂದಾದರೆ ಸುಳ್ಳೇಕೆ ಹೇಳಬಾರದು?

ಪ್ರಶ್ನೆ: ನನಗೆ 41 ವರ್ಷ. ಭಕ್ತಿ ತುಂಬಿದ ಮನೆಯಲ್ಲಿ ಬೆಳೆದವಳು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ದೇವರ ಮೇಲಿನ ನಂಬಿಕೆ ನಿಧಾನವಾಗಿ ಕರಗಿಹೋಯಿತು. ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ಓದುತ್ತಾ, ಯೋಚಿಸುತ್ತಾ ಹೋದೆ. ಒಂದು ದಿನ ಒಳಗೆ ಹುಡುಕಿದರೆ ಅದು ಇರಲಿಲ್ಲ. ಮನೆಯವರಿಗೆಲ್ಲ ಗೊತ್ತು, ಜಗಳವೇನೂ ಆಗಿಲ್ಲ. ಆದರೆ ಕಳೆದ ತಿಂಗಳು ಒಂಬತ್ತು ವರ್ಷದ ಮಗ ಕೇಳಿದ: 'ಅಮ್ಮಾ, ದೇವರು ನೋಡ್ತಿಲ್ಲ ಅಂದ್ರೆ ಸುಳ್ಳು ಹೇಳಿದ್ರೆ ಏನಾಗುತ್ತೆ?' ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲೇ ಇದ್ದ ಅತ್ತೆ, 'ಭಯಭಕ್ತಿ ಇಲ್ಲದೆ ಬೆಳೆಸಿದರೆ ಹೀಗೇ' ಎಂದರು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಇನ್ನೂ ಎರಡು ವಿಷಯ ಇವೆ. ನನ್ನ ತಂದೆ ಹಾಸಿಗೆ ಹಿಡಿದಿದ್ದಾರೆ. ದಿನಾ ಸಂಜೆ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡು ಎನ್ನುತ್ತಾರೆ. ಮಾಡಿದರೆ ಸುಳ್ಳು, ಮಾಡದಿದ್ದರೆ ಕ್ರೌರ್ಯ ಅನಿಸುತ್ತದೆ. ಎರಡನೆಯದು ನಾನು ಯಾರಿಗೂ ಹೇಳದ ವಿಷಯ. ಏಳು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅವರ ಹೆಸರಿನಲ್ಲಿದ್ದ ಒಂದು ಠೇವಣಿಯ ಸಂಗತಿಯನ್ನು ಅಕ್ಕನಿಗೆ ಹೇಳದೆ ನಾನೇ ಇಟ್ಟುಕೊಂಡೆ. ಆಗ ನನಗೆ ತುಂಬ ಕಷ್ಟವಿತ್ತು. ಮೊದಲೆಲ್ಲ ತಪ್ಪು ಮಾಡಿದರೆ ಕೈಮುಗಿದು ಅತ್ತುಬಿಡುತ್ತಿದ್ದೆ, ಹಗುರವಾಗುತ್ತಿತ್ತು. ಈಗ ಯಾರ ಮುಂದೆ ಕೈಮುಗಿಯಲಿ? ದೇವರನ್ನು ಆಧರಿಸದೆ ಮನುಷ್ಯರ ಘನತೆ, ವಿಚಾರಗಳ ಮೇಲೆ ನೀತಿಯನ್ನು ನಿಲ್ಲಿಸುವ ಮಾನವತಾವಾದದ ಬಗ್ಗೆ ಒಂದಿಷ್ಟು ಓದಿದ್ದೇನೆ. ಅದರಲ್ಲಿ ಬದುಕನ್ನು ಹೊರುವಷ್ಟು ಗಟ್ಟಿತನ ಇದೆಯೇ? ಅಥವಾ ಅಜ್ಜಿ, ಅಮ್ಮ ಕೂಡಿಟ್ಟ ಗಂಟನ್ನೇ ಕರಗಿಸುತ್ತಾ ನಾನು ಒಳ್ಳೆಯವಳ ಹಾಗೆ ಓಡಾಡುತ್ತಿದ್ದೇನೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಮೂರು ಪ್ರಶ್ನೆಗಳು. ಒಳಗಿರುವ ಹೆದರಿಕೆ ಒಂದೇ: ನಂಬಿಕೆ ಹೋದ ಮೇಲೆ ಒಳ್ಳೆಯತನಕ್ಕೆ ಬುಡವೇ ಇಲ್ಲದಂತಾಯಿತೇ, ಅದು ಇನ್ನೆಷ್ಟು ದಿನ ನಿಲ್ಲುತ್ತದೆ? ಇಪ್ಪತ್ತನಾಲ್ಕು ವರ್ಷ ನೀತಿಶಾಸ್ತ್ರ ಪಾಠ ಮಾಡಿದ್ದೇನೆ. ಹನ್ನೊಂದು ವರ್ಷಗಳಿಂದ ಒಂದು ಆಸ್ಪತ್ರೆಯ ನೀತಿ ಸಮಿತಿಯಲ್ಲಿ ಕೂತು, ಕಠಿಣ ನಿರ್ಧಾರಗಳ ಮುಂದೆ ನಿಂತ ಕುಟುಂಬಗಳ ಜೊತೆ ಮಾತಾಡುತ್ತಿದ್ದೇನೆ. ಇದೇ ಹೆದರಿಕೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಜನ ನನ್ನ ಮುಂದೆ ಹೇಳಿಕೊಂಡಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಂಬಿಕೆ ಹೋದರೆ ನೀತಿ ಹೋಗುವುದಿಲ್ಲ. ಆದರೆ ನಂಬಿಕೆಯ ಜೊತೆ ಬಂದಿದ್ದ ಅಭ್ಯಾಸಗಳು ಹೋಗುತ್ತವೆ, ಜೊತೆಗಾರರೂ ದೂರವಾಗುತ್ತಾರೆ. ಅವನ್ನು ನೀವೇ ಕೈಯಾರೆ ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ. ನಿಮ್ಮ ಕಷ್ಟದ ಹೆಚ್ಚಿನ ಪಾಲು ಇರುವುದು ಅಲ್ಲಿ.

ಅರ್ಧ ಗೊಂದಲವನ್ನು ನಮ್ಮ ಭಾಷೆಯೇ ಹುಟ್ಟಿಸುತ್ತದೆ. ಕನ್ನಡದಲ್ಲಿ 'ಧರ್ಮ' ಎಂದರೆ ಮತವೂ ಹೌದು, ನ್ಯಾಯವೂ ಹೌದು, ಕರ್ತವ್ಯವೂ ಹೌದು, ದಾನವೂ ಹೌದು. ಹೀಗಾಗಿ 'ಅವರು ಧರ್ಮ ಬಿಟ್ಟರು' ಎಂದ ಕೂಡಲೇ ಕೇಳುವವರ ಕಿವಿಗೆ 'ನೀತಿ ಬಿಟ್ಟರು' ಎಂದೇ ಬೀಳುತ್ತದೆ. ನೀವು ಬಿಟ್ಟದ್ದು ಒಂದು ಅರ್ಥದ ಧರ್ಮವನ್ನು. ಉಳಿದ ಮೂರನ್ನು ಬಿಡಿ ಎಂದು ನಿಮಗೆ ಯಾರೂ ಹೇಳಿಲ್ಲ, ನೀವೂ ಬಿಟ್ಟಿಲ್ಲ. ಬಿಟ್ಟಿದ್ದರೆ ಏಳು ವರ್ಷದ ಹಿಂದಿನ ಠೇವಣಿ ನಿಮ್ಮನ್ನು ಇಂದು ಚುಚ್ಚುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಗಮನಿಸಿ. ಒಬ್ಬ ತೀರಾ ಕೆಟ್ಟದಾಗಿ ನಡೆದುಕೊಂಡಾಗ ನಾವು ಕೇಳುವುದು 'ನಿನಗೆ ಮನುಷ್ಯತ್ವ ಇದೆಯಾ?' ಎಂದು. ಆಸ್ತಿಕರೂ ಹಾಗೇ ಕೇಳುತ್ತಾರೆ. 'ನಾಸ್ತಿಕ' ಎಂಬ ಪದದ ಚರಿತ್ರೆಯೂ ಜನ ತಿಳಿದಂತಿಲ್ಲ. ಹಳೆಯ ದರ್ಶನಗಳಲ್ಲಿ ಅದಕ್ಕೆ ಹೆಚ್ಚಾಗಿ ಇದ್ದ ಅರ್ಥ ವೇದದ ಪ್ರಾಮಾಣ್ಯವನ್ನು ಒಪ್ಪದವನು ಎಂದು. ಆ ಲೆಕ್ಕದಲ್ಲಿ ಅಹಿಂಸೆಯನ್ನು ಎಲ್ಲಕ್ಕಿಂತ ಮೇಲಿಟ್ಟ ಜೈನರೂ ಬೌದ್ಧರೂ ನಾಸ್ತಿಕರು. ವೇದವನ್ನು ಒಪ್ಪಿ, ಸೃಷ್ಟಿಕರ್ತ ಈಶ್ವರನನ್ನು ಮಾತ್ರ ಒಪ್ಪದ ಪೂರ್ವಮೀಮಾಂಸಕರೆಂಬ ದಾರ್ಶನಿಕರು ಆಸ್ತಿಕರು!

ನಿಮ್ಮ ಅತ್ತೆಯವರ ಮಾತು ಅವರೊಬ್ಬರದಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 34 ದೇಶಗಳ ಜನರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ವರದಿಯಂತೆ, ನೀತಿವಂತರಾಗಿರಲು ದೇವರಲ್ಲಿ ನಂಬಿಕೆ ಬೇಕೇ ಬೇಕು ಎನ್ನುವವರ ಮಧ್ಯಮಾಂಕ (ದೇಶಗಳನ್ನು ಸಾಲಾಗಿ ಇಟ್ಟಾಗ ನಡುವೆ ಬರುವ ಅಂಕಿ) ಶೇ 45. ದೇಶದಿಂದ ದೇಶಕ್ಕೆ ಇದು ಎಲ್ಲಿಂದೆಲ್ಲಿಗೋ ಹೋಗುತ್ತದೆ: ಸ್ವೀಡನ್‌ನಲ್ಲಿ ಶೇ 9 ಮಾತ್ರ. ಈ ಅಪನಂಬಿಕೆಗೆ ದೊಡ್ಡ ದೊಡ್ಡ ತಲೆಗಳ ಬೆಂಬಲವೂ ಇತ್ತು. ಮತಸಹಿಷ್ಣುತೆಯ ಪರವಾಗಿ ವಾದಿಸಿದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಕೂಡ 1689ರಲ್ಲಿ ನಾಸ್ತಿಕರನ್ನು ಅದರಿಂದ ಹೊರಗಿಟ್ಟ. ಮಾತು, ಕರಾರು, ಆಣೆ ಇವು ಯಾವುವೂ ದೇವರನ್ನು ನಂಬದವನನ್ನು ಕಟ್ಟಿಹಾಕಲಾರವು ಎಂಬುದು ಅವನ ಕಾರಣ. ಇದರ ಪರಿಣಾಮ ಪುಸ್ತಕದಲ್ಲೇ ಉಳಿಯಲಿಲ್ಲ. 1880ರಲ್ಲಿ ಚಾರ್ಲ್ಸ್ ಬ್ರಾಡ್ಲಾ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾಗಿ ಬಂದಾಗ, ಈ ನಾಸ್ತಿಕನ ಪ್ರಮಾಣಕ್ಕೆ ಬೆಲೆಯೇನು ಎಂಬ ಜಗಳ ಎದ್ದಿತು. ಮತದಾರರು ಮತ್ತೆ ಮತ್ತೆ ಆರಿಸಿ ಕಳಿಸಿದರೂ ಅವರು ನೆಮ್ಮದಿಯಾಗಿ ಆಸನದಲ್ಲಿ ಕೂರಲು 1886 ಬರಬೇಕಾಯಿತು. ಅವರೇ ಮುಂದೆ ನಿಂತು ತಂದ 1888ರ ಕಾಯ್ದೆ, ದೇವರ ಹೆಸರಿಲ್ಲದೆ ದೃಢವಚನ ಕೊಡುವ ಹಕ್ಕನ್ನು ಗಟ್ಟಿಮಾಡಿತು. ಪ್ರಮಾಣ ಮಾಡುವಾಗ ದೇವರ ಹೆಸರು ಬೇಕೋ ಬೇಡವೋ ಎಂಬ ಆಯ್ಕೆ ಇಂದು ಹಲವು ದೇಶಗಳಲ್ಲಿದೆ. ಅದರಿಂದ ನ್ಯಾಯಾಲಯಗಳೇನೂ ಕುಸಿದುಬಿದ್ದಿಲ್ಲ.

ನಿಮ್ಮ ಮಗ ಕೇಳಿದ್ದು ಸುಮಾರು 2,400 ವರ್ಷ ಹಳೆಯ ಪ್ರಶ್ನೆ. ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಯೂಥಿಫ್ರೋ ಎಂಬವನು ತನ್ನ ತಂದೆಯ ಮೇಲೆಯೇ ಕೊಲೆ ಆರೋಪ ಹೊರಿಸಲು ನ್ಯಾಯಾಲಯಕ್ಕೆ ಹೊರಟಿರುತ್ತಾನೆ. ದೇವತೆಗಳಿಗೆ ಇಷ್ಟವಾದದ್ದೇ ಪುಣ್ಯಕಾರ್ಯ ಎಂಬುದು ಅವನ ಖಚಿತ ನಂಬಿಕೆ. ಸಾಕ್ರಟೀಸ್ ಕೇಳುತ್ತಾನೆ: ದೇವತೆಗಳು ಮೆಚ್ಚುವುದರಿಂದ ಅದು ಒಳ್ಳೆಯದಾಯಿತೋ, ಒಳ್ಳೆಯದಾಗಿರುವುದರಿಂದ ಅವರು ಮೆಚ್ಚುತ್ತಾರೋ? ಮೊದಲನೆಯದು ಎನ್ನುವುದಾದರೆ, ನಾಳೆ ಅವರು ಕ್ರೌರ್ಯವನ್ನು ಮೆಚ್ಚಿದರೆ ಕ್ರೌರ್ಯವೂ ಒಳ್ಳೆಯದಾಗಬೇಕು. ಎರಡನೆಯದು ಎನ್ನುವುದಾದರೆ, ಒಳ್ಳೆಯದು ಯಾರ ಮೆಚ್ಚುಗೆಗೂ ಕಾಯದೆ ತನ್ನಷ್ಟಕ್ಕೆ ನಿಂತಿದೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಆಳವಾದ ಭಕ್ತಿಯಿದ್ದ ವಿದ್ಯಾರ್ಥಿಗಳೇ ಎರಡನೆಯದನ್ನು ಹಿಡಿದಿದ್ದಾರೆ. ತಾವು ನಂಬಿದ ದೇವರು ಕ್ರೌರ್ಯವನ್ನು ಮೆಚ್ಚಲಾರ ಎಂಬ ಭರವಸೆ ಅವರಿಗಿದೆ. ಆ ಭರವಸೆಯಲ್ಲೇ ಉತ್ತರ ಇದೆ ನೋಡಿ. ದೇವರನ್ನು ಅಳೆಯುವ ಕೋಲೊಂದು ಅವರ ಕೈಯಲ್ಲಿ ಮೊದಲೇ ಇದೆ. ಪವಿತ್ರ ಗ್ರಂಥಗಳನ್ನು ಓದುವವರೂ ಇದನ್ನು ಪಾಲಿಸಬೇಕು, ಇದು ಆ ಕಾಲಕ್ಕೆ ಆಯಿತು ಎಂದು ಆರಿಸುವುದು ಅದೇ ಕೋಲಿನಿಂದ. ಗುಲಾಮಗಿರಿಯ ವಿರುದ್ಧದ ಹೋರಾಟದಲ್ಲಿ ಎರಡೂ ಕಡೆಯವರು ಒಂದೇ ಗ್ರಂಥವನ್ನು ಎತ್ತಿ ತೋರಿಸುತ್ತಿದ್ದರು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಭಕ್ತರು ಮನುಷ್ಯರನ್ನು ಮಾರುವುದು ಪಾಪ ಎಂದು ಪಟ್ಟು ಹಿಡಿದು ನಿಂತದ್ದಕ್ಕೆ ನನಗೆ ಅಪಾರ ಗೌರವವಿದೆ. ಗ್ರಂಥದಲ್ಲಿ ಆ ಅರ್ಥ ಕೊಡುವ ಸಾಲನ್ನೇ ಅವರು ಆರಿಸಿಕೊಳ್ಳುವಂತೆ ಮಾಡಿದ್ದು ಸಂಕೋಲೆಯಲ್ಲಿದ್ದ ಮನುಷ್ಯನ ಮುಖ ಎಂದು ನಾನು ತಿಳಿಯುತ್ತೇನೆ.

ಆ ಅಳತೆಗೋಲು ಎಲ್ಲಿಂದ ಬಂತು? ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲೊ 2006ರಲ್ಲಿ ಪ್ರಕಟಿಸಿದ್ದು. ಅಪರಿಚಿತ ದೊಡ್ಡವರೊಬ್ಬರು ಬಟ್ಟೆ ಒಣಹಾಕುತ್ತಿದ್ದಾರೆ, ಕೈಯಿಂದ ಕ್ಲಿಪ್ ಜಾರಿ ನೆಲಕ್ಕೆ ಬೀಳುತ್ತದೆ. ಅವರು ಕೈ ಚಾಚುತ್ತಾರೆ, ಎಟುಕುವುದಿಲ್ಲ. ಸಹಾಯ ಮಾಡು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಕೋಣೆಯ ಬದಿಯಲ್ಲಿ 18 ತಿಂಗಳ ಕೂಸು. ಅದು ಕ್ಲಿಪ್ ನೋಡುತ್ತದೆ, ಮುಖ ನೋಡುತ್ತದೆ, ತಟ್ಟಾಡುತ್ತಾ ಹೋಗಿ ಎತ್ತಿ ಕೊಡುತ್ತದೆ. ಅದೇ ಕ್ಲಿಪ್ಪನ್ನು ಅವರು ಬೇಕೆಂದೇ ಎಸೆದಾಗ ಮಕ್ಕಳು ಅಷ್ಟಾಗಿ ಎತ್ತಿಕೊಡಲು ಹೋಗಲಿಲ್ಲ. ಅಂದರೆ ಕೂಸಿಗೆ ಅರ್ಥವಾಗಿದ್ದು ಎದುರಿಗಿರುವವರ ಪಡಿಪಾಟಲು. ಆ ವಯಸ್ಸಿಗೆ ಸ್ವರ್ಗ ನರಕಗಳ ಹೆಸರೂ ಗೊತ್ತಿರುವುದಿಲ್ಲ. ಹಾಗಂತ ಮನುಷ್ಯ ಹುಟ್ಟಾ ಸಂತ ಎಂದು ನಾನು ಹೇಳುತ್ತಿಲ್ಲ. ಅದೇ ಕೂಸು ಇನ್ನೊಂದು ಮಗುವಿನ ಕೈಯಿಂದ ಆಟಿಕೆ ಕಸಿಯುತ್ತದೆ. ಗುಂಪು ಕಟ್ಟಿಕೊಂಡು, ಒಬ್ಬರನ್ನೊಬ್ಬರು ಆಶ್ರಯಿಸಿ ಬದುಕಿದ ಜೀವಿಗಳು ನಾವು. ಕರುಣೆಯೂ ಕಸಿಯುವ ಗುಣವೂ ಎರಡೂ ನಮ್ಮ ಮೈಯಲ್ಲಿವೆ. ಮತಗಳು ಈ ಮೊದಲನೆಯದಕ್ಕೆ ನೀರೆರೆದವು, ಕೆಲವು ಸಲ ಎರಡನೆಯದಕ್ಕೂ. ಬೀಜ ಮಾತ್ರ ಮತಗಳಿಗಿಂತ ಹಳೆಯದು. ಅಜ್ಜಿ ಕೂಡಿಟ್ಟ ಗಂಟು ಎಂದು ಬರೆದಿರಲ್ಲ, ಅದು ನಿಮ್ಮ ಅಜ್ಜಿಗೂ ಅವರ ಅಜ್ಜಿಗೂ ಹಿಂದಿನಿಂದ ಬಂದದ್ದು. ಅದರಲ್ಲಿ ನಿಮಗೂ ಹಕ್ಕಿದೆ.

ಹಾಗಾದರೆ ದಿನನಿತ್ಯದ ನಡೆಯಲ್ಲಿ ನಂಬುವವರಿಗೂ ನಂಬದವರಿಗೂ ವ್ಯತ್ಯಾಸ ಇದೆಯೇ? 2014ರಲ್ಲಿ ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಕೆನಡಾದ 1,252 ಜನರ ಫೋನಿಗೆ ದಿನಕ್ಕೆ ಐದು ಸಲ ಸಂದೇಶ ಕಳಿಸಿ, ಈ ಕಳೆದ ಗಂಟೆಯಲ್ಲಿ ಒಳ್ಳೆಯದೋ ಕೆಟ್ಟದ್ದೋ ಏನಾದರೂ ಮಾಡಿದಿರಾ, ಕಂಡಿರಾ ಎಂದು ಕೇಳಿದರು. ಭಕ್ತರಿಗೂ ಭಕ್ತರಲ್ಲದವರಿಗೂ ಗುರುತಿಸುವಂಥ ಅಂತರ ಕಾಣಲಿಲ್ಲ. ಎಲ್ಲರೂ ಸುಮಾರು ಒಂದೇ ಪ್ರಮಾಣದಲ್ಲಿ ಒಳ್ಳೆಯವರು, ಒಂದೇ ಪ್ರಮಾಣದಲ್ಲಿ ಎಡವುವವರು.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಸಮಾಧಾನವಾಗಬಹುದು, ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ರಾಬರ್ಟ್ ಪಟ್ನಮ್ ಮತ್ತು ಡೇವಿಡ್ ಕ್ಯಾಂಬೆಲ್ 2010ರಲ್ಲಿ ಅಮೆರಿಕದ ಧಾರ್ಮಿಕ ಜೀವನದ ಬಗ್ಗೆ ದೊಡ್ಡ ಅಧ್ಯಯನ ಹೊರತಂದರು. ಪ್ರಾರ್ಥನಾ ಮಂದಿರಕ್ಕೆ ತಪ್ಪದೆ ಹೋಗುವವರು ಉಳಿದವರಿಗಿಂತ ಹೆಚ್ಚು ದಾನ ಮಾಡುತ್ತಾರೆ, ಸ್ವಯಂಸೇವೆಗೆ ಹೆಚ್ಚು ಬರುತ್ತಾರೆ, ಮತಕ್ಕೆ ಸಂಬಂಧವೇ ಇಲ್ಲದ ಕೆಲಸಗಳಿಗೂ ಬರುತ್ತಾರೆ ಎಂದು ಅದು ತೋರಿಸಿತು. ಆದರೆ ಏನನ್ನು ನಂಬುತ್ತಾರೆ, ಎಷ್ಟು ಗಾಢವಾಗಿ ನಂಬುತ್ತಾರೆ ಎಂಬುದರಿಂದ ಈ ವ್ಯತ್ಯಾಸ ಬಂದಿರಲಿಲ್ಲ. ಅಲ್ಲಿ ಅವರಿಗೆ ಗೆಳೆಯರಿದ್ದರು. ವ್ಯತ್ಯಾಸ ಬಂದದ್ದು ಅದರಿಂದ. ಭಕ್ತಿ ಇದ್ದೂ ಒಂಟಿಯಾಗಿ ಬಂದು ಒಂಟಿಯಾಗಿ ಹೋಗುವವರಲ್ಲಿ ಆ ಹೆಚ್ಚುಗಾರಿಕೆ ಕಾಣಲಿಲ್ಲ. 'ನಾಳೆ ಬೆಳಿಗ್ಗೆ ರಕ್ತದಾನಕ್ಕೆ ಹೋಗ್ತಿದ್ದೀವಿ, ಬರ್ತೀಯಾ?' ಎಂದು ಒಬ್ಬರು ಕೇಳುತ್ತಾರೆ, ನೀವು ಹೋಗುತ್ತೀರಿ. ನಂಬಿಕೆ ಬಿಟ್ಟವರನ್ನು ಹಾಗೆ ಕರೆಯುವವರು ಯಾರು?

ಇನ್ನೊಂದು ಪ್ರಯೋಗ ನನ್ನನ್ನು ವೃತ್ತಿಜೀವನದುದ್ದಕ್ಕೂ ಕಾಡಿದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಎಂದು ಕಳಿಸಿದರು. ಕೆಲವರ ಭಾಷಣದ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ. ಹೋಗುವ ದಾರಿಯಲ್ಲೇ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಿದ್ದ. ಸಮಯ ಸಾಕಷ್ಟಿದೆ ಎಂದುಕೊಂಡವರಲ್ಲಿ ಶೇ 63 ಮಂದಿ ನೆರವಾದರು. ತಡವಾಗಿದೆ ಎಂದು ಅವಸರಪಡಿಸಲ್ಪಟ್ಟವರಲ್ಲಿ ಶೇ 10. ಭಾಷಣದ ವಿಷಯ ಹೇಳಿಕೊಳ್ಳುವಂಥ ವ್ಯತ್ಯಾಸ ತರಲಿಲ್ಲ. ತಲೆಯಲ್ಲಿ ಏನು ಇಟ್ಟುಕೊಂಡಿದ್ದೀರಿ ಎನ್ನುವುದಕ್ಕಿಂತ ದಿನವನ್ನು ಹೇಗೆ ಇಟ್ಟುಕೊಂಡಿದ್ದೀರಿ ಎಂಬುದು ಎಷ್ಟೋ ಸಲ ಮುಖ್ಯವಾಗುತ್ತದೆ. ಈ ಮಾತು ಆಸ್ತಿಕರಿಗೆ ಎಷ್ಟು ನಿಜವೋ ಮಾನವತಾವಾದಿಗಳಿಗೂ ಅಷ್ಟೇ ನಿಜ. ಮಾನವತೆಯ ಬಗ್ಗೆ ಹತ್ತು ಪುಸ್ತಕ ಓದಿ, ಅವಸರದಲ್ಲಿ ಪಕ್ಕದ ಮನೆಯವರ ಮುಖ ನೋಡದೆ ಓಡಿದರೆ ಓದಿದ್ದು ಏನು ಬಂತು?

ಮಾನವತಾವಾದ ಎಂದರೇನು ಎಂಬುದಕ್ಕೆ ಹೆಚ್ಚು ಸಾಲು ಬೇಡ, ನೀವು ಓದಿದ್ದೀರಿ. 1952ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಲವು ದೇಶಗಳ ಸಂಘಗಳು ಸೇರಿ ಒಂದು ಘೋಷಣೆ ಹೊರಡಿಸಿದವು. ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ ಆ ಸಭೆಯ ಅಧ್ಯಕ್ಷರಾಗಿದ್ದರು. ಅದನ್ನು 2002ರಲ್ಲೂ 2022ರಲ್ಲೂ ತಿದ್ದಿ ಬರೆದಿದ್ದಾರೆ. ತಮ್ಮ ಘೋಷಣೆಯನ್ನೇ ತಿದ್ದಲು ಮುಂದಾಗುವುದು ನನಗೆ ಈ ಮಾರ್ಗದಲ್ಲಿ ತುಂಬ ಹಿಡಿಸಿದ ಗುಣ. ತಿರುಳು ಇಷ್ಟು: ಪ್ರತಿ ಮನುಷ್ಯನಿಗೂ ಬೆಲೆಯಿದೆ, ಘನತೆಯಿದೆ, ಸರಿತಪ್ಪನ್ನು ಅನುಭವ, ವಿಚಾರ, ಸಹಾನುಭೂತಿಗಳಿಂದ ತೀರ್ಮಾನಿಸಬೇಕು, ಇದೊಂದೇ ಬದುಕು ಎಂದುಕೊಂಡು ಇಲ್ಲಿಯೇ ಹೊಣೆ ಹೊರಬೇಕು.

ಈ ಯೋಚನೆಗೆ ಹೆಸರು ಹೊಸದು, ವಯಸ್ಸು ಬಹಳ. ಬುದ್ಧ ಕಾಲಾಮರೆಂಬ ಜನರಿಗೆ ಹೇಳಿದ ಮಾತಿನ ಮೊದಲರ್ಧ ಎಲ್ಲರಿಗೂ ಗೊತ್ತು: ಗ್ರಂಥದಲ್ಲಿದೆ, ಗುರು ಹೇಳಿದ ಎಂಬಷ್ಟಕ್ಕೇ ಒಪ್ಪಬೇಡಿ. ಅದೇ ಮಾತಿನ ಕೊನೆಯಲ್ಲಿ ಇನ್ನೊಂದು ಸಂಗತಿ ಬರುತ್ತದೆ, ಅದು ನಿಮಗಾಗಿಯೇ ಹೇಳಿದಂತಿದೆ. ದ್ವೇಷವಿಲ್ಲದೆ ಬದುಕಿದವನಿಗೆ ನಾಲ್ಕು ಭರವಸೆಗಳಿವೆ. ಪರಲೋಕ ಇದ್ದರೆ ಅಲ್ಲಿ ಸದ್ಗತಿ ಸಿಗುತ್ತದೆ ಎಂಬುದು ಮೊದಲನೆಯದು. ಪರಲೋಕ ಇಲ್ಲದೇ ಹೋದರೂ, ಇಲ್ಲಿಯೇ, ಈ ಬದುಕಿನಲ್ಲೇ, ವೈರವಿಲ್ಲದೆ ಕ್ಷೇಮವಾಗಿದ್ದೇನೆ ಎಂಬುದು ಎರಡನೆಯದು. ಪರಲೋಕದ ಪ್ರಶ್ನೆಯನ್ನು ಬಿಡಿಸದೆಯೇ ಒಳ್ಳೆಯ ಬದುಕನ್ನು ಆರಂಭಿಸಬಹುದು ಎಂದಂತಾಯಿತು.

ಈಗ ನಿಮ್ಮ ಮಗನ ಪ್ರಶ್ನೆ. ಅವನಿಗೆ ಉತ್ತರ ಕೊಡಲು ನಿಮಗೆ ತತ್ತ್ವಶಾಸ್ತ್ರ ಬೇಡ. 'ಸುಳ್ಳು ಹೇಳಿದ್ರೆ ಏನಾಗುತ್ತೆ' ಎಂದು ಅವನು ನಿಜವಾಗಿಯೇ ಕೇಳಿದ್ದಾನೆ. ನಿಜವಾಗಿಯೇ ಏನಾಗುತ್ತದೆ ಎಂದು ಹೇಳಿ. 'ನೀನು ಸುಳ್ಳು ಹೇಳಿದ್ದು ನಂಗೆ ಗೊತ್ತಾದ್ರೆ, ಮುಂದಿನ ಸಲ ನೀನು ನಿಜ ಹೇಳಿದ್ರೂ ನಂಗೆ ಅನುಮಾನ ಬರುತ್ತೆ. ಗೊತ್ತಾಗದೇ ಹೋದ್ರೆ, ನಿನ್ನ ಮನಸ್ಸಲ್ಲಿರೋದು ಒಂದು, ನಾನು ಅಂದ್ಕೊಂಡಿರೋದು ಇನ್ನೊಂದು. ಆಗ ನಾನು ಮಾತಾಡ್ತಿರೋದು ನಿನ್ನ ಹತ್ತಿರ ಅಲ್ಲವೇ ಅಲ್ಲ.' ಒಂಬತ್ತು ವರ್ಷದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಗೆಳೆಯ ತನಗೆ ಸುಳ್ಳು ಹೇಳಿ ಆಟಕ್ಕೆ ಬಾರದೇ ಹೋದ ದಿನ ಹೇಗನಿಸಿತ್ತು ಎಂದು ಅವನನ್ನೇ ಕೇಳಿ ನೋಡಿ, ಉತ್ತರ ಅವನ ಬಾಯಿಂದಲೇ ಬರುತ್ತದೆ.

ಅತ್ತೆಯವರು ಅಂದ 'ಭಯಭಕ್ತಿ'ಯನ್ನು ಒಂದು ಕ್ಷಣ ಬಿಡಿಸಿ ನೋಡೋಣ. ಭಯ ಬೇರೆ, ಭಕ್ತಿ ಬೇರೆ. ಭಯದಿಂದ ಕಲಿತ ನೀತಿ, ನೋಡುವ ಕಣ್ಣು ಇರುವಷ್ಟು ಹೊತ್ತು ಇರುತ್ತದೆ. ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಮಾರ್ಟಿನ್ ಹಾಫ್‌ಮನ್ ಹೇಳಿದ್ದು ಇದನ್ನೇ. ಹೊಡೆತ, ಬೆದರಿಕೆಗಳಿಗಿಂತ, 'ನೋಡು, ನೀನು ತಳ್ಳಿದ್ದಕ್ಕೆ ಅವಳು ಅಳ್ತಿದ್ದಾಳೆ' ಎಂದು ಮಗುವಿನ ಗಮನವನ್ನು ಎದುರಿನವರ ನೋವಿನ ಕಡೆ ತಿರುಗಿಸುವುದು ಒಳಗೆ ಆಳವಾಗಿ ಇಳಿಯುತ್ತದೆ. ಸ್ಯಾಮ್ಯುಯೆಲ್ ಮತ್ತು ಪರ್ಲ್ ಓಲಿನರ್ ದಂಪತಿಯ ಅಧ್ಯಯನ 1988ರಲ್ಲಿ ಬಂತು. ನಾಜಿಗಳ ಕಾಲದಲ್ಲಿ ಜೀವದ ಹಂಗು ತೊರೆದು ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದವರು ಎಂಥ ಮನೆಗಳಲ್ಲಿ ಬೆಳೆದಿದ್ದರು ಎಂದು ಅವರು ಹುಡುಕಿದರು. ಸ್ಯಾಮ್ಯುಯೆಲ್ ಸ್ವತಃ ಹುಡುಗನಾಗಿದ್ದಾಗ ಒಬ್ಬ ರೈತ ಮಹಿಳೆಯ ನೆರವಿನಿಂದ ಬದುಕುಳಿದವರು. ಕಾಪಾಡಿದವರ ತಂದೆ ತಾಯಿ ಮಕ್ಕಳಿಗೆ ಹೊಡೆದದ್ದು ಕಡಿಮೆ, ಕಾರಣ ಕೊಟ್ಟು ತಿಳಿಹೇಳಿದ್ದು ಹೆಚ್ಚು. ಅವರಲ್ಲಿ ಭಕ್ತರೂ ಇದ್ದರು, ಭಕ್ತರಲ್ಲದವರೂ ಇದ್ದರು. ಹಾಗಾಗಿ ಅತ್ತೆಯವರಿಗೆ ನೀವು ಧೈರ್ಯವಾಗಿ ಹೇಳಬಹುದು: ಮಗನನ್ನು ಭಯವಿಲ್ಲದೆ ಬೆಳೆಸುತ್ತಿದ್ದೀರಿ, ಹಿಡಿತವಿಲ್ಲದೆ ಅಲ್ಲ. ಇನ್ನು ಭಕ್ತಿ. ಅತ್ತೆ ತಮ್ಮ ದೇವರ ಕಥೆಗಳನ್ನು ಮೊಮ್ಮಗನಿಗೆ ಹೇಳುವುದನ್ನು ತಡೆಯಬೇಡಿ. ಕೇಳಲಿ, ಪ್ರಶ್ನೆ ಕೇಳಲಿ, ದೊಡ್ಡವನಾದ ಮೇಲೆ ತಾನೇ ನಿರ್ಧರಿಸಲಿ. 'ಅಜ್ಜಿ ಹೀಗೆ ನಂಬ್ತಾರೆ, ನಾನು ಹೀಗೆ ಅಂದ್ಕೊಂಡಿದ್ದೀನಿ' ಎಂದು ಸಮಾಧಾನದಿಂದ ಹೇಳುವ ಮನೆಯಲ್ಲಿ ಮಗು ಕೆಡುವುದನ್ನು ನಾನು ಕಂಡಿಲ್ಲ. ಒಬ್ಬರು ಇನ್ನೊಬ್ಬರನ್ನು ಮಗುವಿನ ಮುಂದೆ ಹೀಯಾಳಿಸುವ ಮನೆಯಲ್ಲಿ ಕಂಡಿದ್ದೇನೆ.

ತಂದೆಯವರ ವಿಷಯ. ಆಸ್ಪತ್ರೆಯಲ್ಲಿ ಕಂಡ ಒಂದು ಸಂಜೆಯನ್ನು ಹೇಳುತ್ತೇನೆ. ಕೊನೆಯ ದಿನಗಳಲ್ಲಿದ್ದ ಹಿರಿಯರೊಬ್ಬರ ಪಕ್ಕ ಅವರ ಮಗಳು ಕೂತಿದ್ದರು, ನಿಮ್ಮ ಹಾಗೆಯೇ ನಂಬಿಕೆ ಕಳೆದುಕೊಂಡವರು. ತಂದೆಗೆ ಕಣ್ಣು ಮಂಜಾಗಿತ್ತು, ಪ್ರಾರ್ಥನೆಯ ಪುಸ್ತಕ ಓದಲಾಗುತ್ತಿರಲಿಲ್ಲ. ಮಗಳು ಪುಸ್ತಕವನ್ನು ದೀಪದ ಕಡೆ ತಿರುಗಿಸಿ ಹಿಡಿದು, ಒಂದೊಂದೇ ಸಾಲು ಓದುತ್ತಿದ್ದರು. ಅವರು ತುಟಿ ಆಡಿಸಿ ಹಿಂದೆಯೇ ಹೇಳುತ್ತಿದ್ದರು. ನಡುವೆ ಒಂದು ಸಾಲು ತಪ್ಪಿದಾಗ ತಂದೆ ಕೈಯೆತ್ತಿ ತಡೆದರು, ಮಗಳು ಹಿಂದೆ ಹೋಗಿ ಸರಿಯಾಗಿ ಓದಿದರು. ಆಮೇಲೆ ಹೊರಗೆ ಬಂದು ನನ್ನನ್ನು ಕೇಳಿದರು, 'ನಾನು ನಾಟಕ ಮಾಡಿದೆನಾ?' ಎಂದು. ಇಲ್ಲ, ಕಣ್ಣು ಕಾಣದವರಿಗೆ ನೀವು ಕಣ್ಣಾದಿರಿ ಎಂದೆ. ಇಂದಿಗೂ ಅದೇ ನನ್ನ ಉತ್ತರ.

ನಿಮ್ಮ ಮುಂದೆ ಮೂರು ದಾರಿಗಳಿವೆ. ನಂಬುವವರಂತೆ ಪೂರ್ತಿ ನಟಿಸುವುದು ಒಂದು. ತಂದೆಗೆ ನೆಮ್ಮದಿ ಸಿಗುತ್ತದೆ. ಆದರೆ ಅವರಿಗೆ ನಿಮ್ಮ ಮನಸ್ಸು ಗೊತ್ತಿರುವುದರಿಂದ ನಟನೆ ಅವರಿಗೆ ಕಾಣದೆ ಇರದು, ನಿಮಗೂ ದಿನದಿನಕ್ಕೆ ಭಾರವಾಗುತ್ತದೆ. ತತ್ತ್ವ ಹಿಡಿದು ಎದ್ದುಹೋಗುವುದು ಇನ್ನೊಂದು. ಪ್ರಾಮಾಣಿಕತೆ ಉಳಿಯುತ್ತದೆ, ಅವರು ಹೋದ ಮೇಲೆ ಆ ಸಂಜೆಗಳು ಮಾತ್ರ ಮರಳಿ ಬರುವುದಿಲ್ಲ. ಈ ದಾರಿ ಹಿಡಿದು ಆಮೇಲೆ ಕೊರಗಿದವರನ್ನು ನಾನು ಹೆಚ್ಚು ಕಂಡಿದ್ದೇನೆ. ಮೂರನೆಯದು, 'ಅಪ್ಪಾ, ನಂಗೆ ಪ್ರಾರ್ಥನೆ ಬರಲ್ಲ, ನೀವು ಮಾಡಿ. ನಾನು ಪಕ್ಕದಲ್ಲೇ ಕೂತಿರ್ತೀನಿ. ಬೇಕಾದ್ರೆ ಓದಿ ಹೇಳ್ತೀನಿ' ಎಂದು ಹೇಳಿ ಕೂರುವುದು. ಇದರಲ್ಲೂ ಅಪಾಯವಿಲ್ಲದಿಲ್ಲ. 'ನೀನೂ ನಂಬು' ಎಂದು ಅವರು ಪಟ್ಟು ಹಿಡಿಯಬಹುದು, ಕಣ್ಣೀರು ಹಾಕಬಹುದು. ಆಗ ವಾದಕ್ಕೆ ಇಳಿಯದೆ ಅವರ ಕೈ ಹಿಡಿದುಕೊಳ್ಳಿ. ಸಾಯುತ್ತಿರುವವರ ಜೊತೆ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯಲ್ಲಿ ಗೆಲ್ಲುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು, ಏಕೆಂದರೆ ಈ ಮಾರ್ಗದವರು ಇವನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು ಕಡಿಮೆ. ದೇವರನ್ನು ತೆಗೆದಿಟ್ಟ ಮಾತ್ರಕ್ಕೆ ಮನುಷ್ಯತ್ವ ತಾನಾಗಿ ಬರುವುದಿಲ್ಲ. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟ ಸರ್ಕಾರಿ ಬಲದಿಂದ ನಾಸ್ತಿಕತೆಯನ್ನು ಹರಡಿತು, ಲಕ್ಷಗಟ್ಟಲೆ ಜನರನ್ನು ಬಲಿಯೂ ತೆಗೆದುಕೊಂಡಿತು. ಖಾಲಿಯಾದ ಪೀಠದ ಮೇಲೆ ಪಕ್ಷ ಬಂದು ಕೂತಿತ್ತು. ರಾಷ್ಟ್ರ, ಜನಾಂಗ, ನಾಯಕ ಯಾವುದು ಬೇಕಾದರೂ ಅಲ್ಲಿ ಕೂರಬಹುದು. 2022ರ ಆಮ್‌ಸ್ಟರ್‌ಡ್ಯಾಮ್ ಘೋಷಣೆ ಮೂಢಶ್ರದ್ಧೆಯ ಮತದ ಜೊತೆಗೆ ಸರ್ವಾಧಿಕಾರಿ ರಾಷ್ಟ್ರೀಯತೆ, ಪಂಗಡವಾದ, ಯಾವುದಕ್ಕೂ ಬೆಲೆಯಿಲ್ಲ ಎನ್ನುವ ಸ್ವಾರ್ಥದ ಶೂನ್ಯವಾದಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಈ ಎಚ್ಚರವನ್ನು ಬದುಕಿ ತೋರಿಸಿದವರು ಭಾರತದ ಕ್ರಾಂತಿಕಾರಿ ಚಿಂತಕ ಎಂ.ಎನ್. ರಾಯ್. ಮೆಕ್ಸಿಕೋದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರು, 1929ರಲ್ಲಿ ಜಗತ್ತಿನ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನಿಂದ ಹೊರಹಾಕಲ್ಪಟ್ಟವರು, ವರ್ಷಗಟ್ಟಲೆ ಬ್ರಿಟಿಷರ ಜೈಲಿನಲ್ಲಿದ್ದು ಓದಿ ಬರೆದವರು. 1946ರಲ್ಲಿ ತಮ್ಮ ನವಮಾನವತಾವಾದವನ್ನು 22 ಸೂತ್ರಗಳಲ್ಲಿ ಬರೆದರು. ಅಧಿಕಾರಕ್ಕಾಗಿ ನಡೆಯುವ ಪಕ್ಷರಾಜಕೀಯ ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಹೊಂದುವುದಿಲ್ಲ ಎಂದು ಮನಗಂಡು, 1948ರಲ್ಲಿ ತಾವೇ ಕಟ್ಟಿದ ಪಕ್ಷವನ್ನು ತಾವೇ ವಿಸರ್ಜಿಸಿದರು. ಅಂಥ ಎದೆಗಾರಿಕೆ ಅಪರೂಪ.

ಮನೆಯೊಳಗಿನ ಅಪಾಯ ಚಿಕ್ಕದು, ಆದರೆ ಹೆಚ್ಚು ಹತ್ತಿರದ್ದು. ನಂಬುವವರನ್ನು ಕಂಡರೆ 'ಪಾಪ, ತಿಳಿಯದವರು' ಎಂಬ ಭಾವ ಮೆಲ್ಲಗೆ ಹತ್ತುತ್ತದೆ. ಇನ್ನೊಂದು, ತಪ್ಪು ಮಾಡಿದವರೇ ನ್ಯಾಯಾಧೀಶರೂ ಆಗಿಬಿಡುವುದು. ಆಗ ತೀರ್ಪು ಸದಾ ನಮ್ಮ ಕಡೆಗೇ ಬರುತ್ತದೆ. 'ಆಗ ನನಗೆ ತುಂಬ ಕಷ್ಟವಿತ್ತು' ಎಂದು ನೀವು ಬರೆದ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಿ. ಅದು ನಿಜವೇ ಇರಬಹುದು. ಆದರೂ ಅದು ನಿಮ್ಮ ಪರ ವಕೀಲರ ಮಾತು.

ಇದಕ್ಕೆ ನಾನು ಕಂಡ ಮದ್ದುಗಳು ಎರಡು. ಒಂದು, ಪ್ರಾಚೀನ ರೋಮಿನ ತತ್ತ್ವಜ್ಞಾನಿ ಸೆನೆಕಾ ಬರೆದಿಟ್ಟ ಅಭ್ಯಾಸ. ರಾತ್ರಿ ದೀಪ ಆರಿ, ಹೆಂಡತಿ ಮಾತು ನಿಲ್ಲಿಸಿದ ಮೇಲೆ ಆತ ತನ್ನ ಇಡೀ ದಿನವನ್ನು ತನ್ನ ಮುಂದೆಯೇ ವಿಚಾರಣೆಗೆ ನಿಲ್ಲಿಸಿಕೊಳ್ಳುತ್ತಿದ್ದ. ಯಾರ ಮೇಲೆ ಬೇಕಿಲ್ಲದೆ ಕೂಗಾಡಿದೆ, ಯಾವ ವಾದದಲ್ಲಿ ಅತಿಯಾಗಿ ಮಾತಾಡಿದೆ ಎಂದು ಏನನ್ನೂ ಮುಚ್ಚಿಡದೆ ನೋಡುತ್ತಿದ್ದ. ಇನ್ನು ಹಾಗೆ ಮಾಡಬೇಡ, ಈ ಸಲಕ್ಕೆ ಕ್ಷಮಿಸಿದ್ದೇನೆ ಎಂದುಕೊಂಡು ಮಲಗುತ್ತಿದ್ದ. ಆತ ದೈವವನ್ನು ನಂಬುತ್ತಿದ್ದವನೇ, ಆದರೆ ಈ ಅಭ್ಯಾಸಕ್ಕೆ ದೈವದ ಹಂಗಿಲ್ಲ. ಹತ್ತು ನಿಮಿಷ ಸಾಕು. ಎರಡನೆಯದು ಜೊತೆಗಾರರು. ತಿಂಗಳಿಗೆ ಎರಡು ಸಲವಾದರೂ ಅದೇ ಜನರನ್ನು, ಅದೇ ಕೆಲಸಕ್ಕಾಗಿ ಸೇರಿ: ಮಕ್ಕಳಿಗೆ ಓದಿಸುವುದು, ರಕ್ತದಾನ, ಹಾಸಿಗೆ ಹಿಡಿದವರ ಮನೆಗೆ ಹೋಗಿ ಬರುವುದು, ಯಾವುದಾದರೂ ಆದೀತು. ಅಲ್ಲಿರುವವರೆಲ್ಲ ನಂಬದವರೇ ಆಗಿರಬೇಕು ಎಂದೇನಿಲ್ಲ. ನೀವು ಬಾರದೇ ಇದ್ದ ದಿನ 'ಯಾಕೆ ಬರಲಿಲ್ಲ?' ಎಂದು ಕೇಳುವ ಒಬ್ಬರು ಇದ್ದರೆ ಸಾಕು.

ಕೊನೆಗೆ ಅಕ್ಕನ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೈಮುಗಿದು ಅತ್ತಾಗ ಹಗುರವಾಗುತ್ತಿತ್ತು ಎಂದಿರಿ. ಆ ಅಳುವಿನಲ್ಲಿ ಮಾಡಿದ ತಪ್ಪಿಗೆ ಹೆಸರಿಡುವುದು ಇತ್ತು, ಕೇಳಿಸಿಕೊಳ್ಳುವವರಿದ್ದಾರೆ ಎಂಬ ಭಾವ ಇತ್ತು. ಒಳ್ಳೆಯ ಅಭ್ಯಾಸವೇ. ಅದರಲ್ಲಿ ಅಕ್ಕ ಮಾತ್ರ ಇರಲಿಲ್ಲ. ಅನ್ಯಾಯವಾದದ್ದು ಅವರಿಗೆ, ಕ್ಷಮಿಸುವ ಹಕ್ಕು ಇರುವುದೂ ಅವರಿಗೆ. ಇದನ್ನು ಹೇಳಲು ನಾಸ್ತಿಕರೇ ಬೇಕಿಲ್ಲ. ಯಹೂದಿ ಸಂಪ್ರದಾಯದಲ್ಲಿಯೂ ಮನುಷ್ಯನಿಗೆ ಮಾಡಿದ ತಪ್ಪನ್ನು ಮೊದಲು ಆ ಮನುಷ್ಯನ ಬಳಿ ಹೋಗಿ ಸರಿಪಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಪ್ರಾಯಶ್ಚಿತ್ತದ ದಿನವೂ ಅದನ್ನು ತೊಳೆಯದು ಎಂಬ ನಿಯಮವಿದೆ. ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಎರಡು ಭಾವಗಳನ್ನು ಬಿಡಿಸಿ ತೋರಿಸಿದ್ದಾರೆ. 'ನಾನು ತಪ್ಪು ಮಾಡಿದೆ' ಎಂಬ ಅರಿವು ಸರಿಪಡಿಸುವ ಕಡೆ ಕರೆದೊಯ್ಯುತ್ತದೆ. 'ನಾನೇ ಕೆಟ್ಟವಳು' ಎಂಬ ನಾಚಿಕೆ ಅಡಗಿಕೊಳ್ಳುವಂತೆ ಮಾಡುತ್ತದೆ. ನೀವು ಏಳು ವರ್ಷ ಅಡಗಿಕೊಂಡಿದ್ದೀರಿ.

ಹೇಳಿದರೆ ಏನೇನಾಗಬಹುದು? ಅಕ್ಕ ಕ್ಷಮಿಸಬಹುದು. ತಿಂಗಳುಗಟ್ಟಲೆ ಮಾತು ಬಿಡಬಹುದು. ಮನೆಯವರಿಗೆಲ್ಲ ಗೊತ್ತಾಗಬಹುದು, 'ದೇವರನ್ನು ಬಿಟ್ಟವಳು, ಮಾಡಿದ್ದು ನೋಡಿ' ಎಂಬ ಮಾತೂ ಬರಬಹುದು. ಇವೆಲ್ಲಕ್ಕೂ ಮನಸ್ಸು ಗಟ್ಟಿಮಾಡಿಕೊಂಡು ಹೋಗಿ. ಹೇಳದೇ ಉಳಿದರೆ, ಯಾವತ್ತಾದರೂ ಒಂದು ದಿನ ಹಳೆಯ ಕಾಗದಗಳ ನಡುವೆ ಅದು ಅವರ ಕೈಗೇ ಸಿಗಬಹುದು. ಆಗ ನಿಮ್ಮ ಬಳಿ ಹೇಳಲು ಏನೂ ಉಳಿದಿರುವುದಿಲ್ಲ. ಹಣವನ್ನು ಸದ್ದಿಲ್ಲದೆ ಬೇರೆ ನೆಪದಲ್ಲಿ ಕೊಟ್ಟು ಕೈತೊಳೆದುಕೊಳ್ಳುವ ಮೂರನೇ ದಾರಿಯೂ ಇದೆ. ಲೆಕ್ಕ ಚುಕ್ತಾ ಆಗುತ್ತದೆ, ಗುಟ್ಟು ಹಾಗೆಯೇ ಉಳಿಯುತ್ತದೆ. ನಾನು ಅದನ್ನು ಸೂಚಿಸುವುದಿಲ್ಲ.

ತಂದೆಯವರ ಆರೋಗ್ಯ ಈಗ ಸೂಕ್ಷ್ಮವಾಗಿದೆ, ಅವರ ಹಾಸಿಗೆಯ ಪಕ್ಕ ಈ ಮಾತು ಬೇಡ. ಅಕ್ಕ ಒಬ್ಬರೇ ಇರುವಾಗ ಅವರ ಮನೆಗೇ ಹೋಗಿ. ಹೋಗುವ ಮುಂಚೆ ಠೇವಣಿ ಎಷ್ಟಿತ್ತು, ಯಾವಾಗ ಕೈಗೆ ಬಂತು, ಇಷ್ಟು ವರ್ಷದ ಬಡ್ಡಿ ಸೇರಿ ಅವರ ಪಾಲು ಎಷ್ಟಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಮ್ಮೆಗೇ ಕೊಡಲಾಗದಿದ್ದರೆ ಪ್ರತಿ ತಿಂಗಳು ಎಷ್ಟು ಕೊಡಬಲ್ಲಿರಿ ಎಂಬುದನ್ನೂ ಅದರಲ್ಲೇ ಬರೆಯಿರಿ. ನಿಮಗಿದ್ದ ಕಷ್ಟದ ಮಾತನ್ನು ಅವರು ಕೇಳಿದರೆ ಮಾತ್ರ ಹೇಳಿ. ಮೊದಲು ಆ ಹಾಳೆಯನ್ನು ಅವರ ಕೈಗೆ ಕೊಡಿ, ಅವರು ಪೂರ್ತಿ ಓದಿ ಮುಗಿಸುವ ತನಕ ಸುಮ್ಮನೆ ಕೂತಿರಿ.